ಕಿವಿ ಮಂದವಾದವರೂ ಮಾತಿನ ಚಿತ್ರವೂ

‘ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ವ್ಯರ್ಥವಾದ ಪ್ರಯತ್ನಕ್ಕೆ ನಾವು ಅದನ್ನು ಉದಾಹರಿಸುತ್ತೇವೆ. ಆದರೆ ಗಾದೆ ಕಟ್ಟಿದವರು ಕಿನ್ನರಿಯವನ ಕಷ್ಟವನ್ನು ಕಂಡರೇ ಹೊರತು, ಎದುರಿಗೆ ಕುಳಿತವನ ಕಷ್ಟವನ್ನು ಕಾಣಲಿಲ್ಲ. ಅವನಿಗೂ ಕಿನ್ನರಿಯ ಮೇಲೆ ಆಸೆಯಿದ್ದಿರಬಹುದು; ಒಂದೊಮ್ಮೆ ಅವನೇ ಒಳ್ಳೆಯ ರಸಿಕನಾಗಿದ್ದಿರಲೂಬಹುದು. ಈ ಲೇಖನವು ಅಂಥ ರಸಿಕರನ್ನು ಕುರಿತದ್ದು. ಕಿವಿ ಮಂದವಾದವರು ಚಿತ್ರಮಂದಿರದ ಸಂತೋಷವನ್ನು ಬಿಟ್ಟುಕೊಡಬೇಕೆ? ಬೇಕಾಗಿಲ್ಲ ಎಂಬುದೇ ನನ್ನ ಅಭಿಪ್ರಾಯ. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಸೇಡಂ ತಾಲೂಕಿನ ಕೋಡ್ಲಾ ಸುತ್ತಿನ ನೆಲ ಸುಣ್ಣಕಲ್ಲಿನ ನೆಲ. ಇಲ್ಲಿಂದ ಚಿತ್ತಾಪುರ, ವಾಡಿ, ಶಹಾಬಾದಿನವರೆಗೂ ಫರ್ಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ಯುವ ಯಂತ್ರಗಳು, ಸಿಮೆಂಟಿನ ಕಾರ್ಖಾನೆಗಳು ಹಬ್ಬಿವೆ. ದೇಶದ ಎಷ್ಟೋ ಮನೆಗಳ ನೆಲಹಾಸು ನಮ್ಮ ಸೀಮೆಯ ಕಲ್ಲು. ಆ ಕಲ್ಲನ್ನು ಕೊಯ್ದವರ ಕಿವಿಗೆ ಏನಾಯಿತೆಂಬುದನ್ನು ಕೇಳುವವರು ಕಡಮೆ. ಮೂವತ್ತು ವರ್ಷ ಕಲ್ಲು ಕೊಯ್ಯುವ ಯಂತ್ರದ ಬದಿಯಲ್ಲಿ ನಿಂತು ದುಡಿದ ಹಿರಿಯರೊಬ್ಬರು ನಮ್ಮ ನೆರೆಯಲ್ಲಿದ್ದಾರೆ. ಪ್ರಾಯದಲ್ಲಿ ಅವರು ಟೂರಿಂಗ್ ಟಾಕೀಸು ಬಂತೆಂದರೆ ಒಂದು ಚಿತ್ರವನ್ನೂ ಬಿಟ್ಟವರಲ್ಲ. ಈಚೆಗೆ ದೀಪಾವಳಿಯ ಮರುದಿನ ಮಕ್ಕಳು ಮೊಮ್ಮಕ್ಕಳೆಲ್ಲ ಕಲಬುರಗಿಗೆ ಸಿನಿಮಾಕ್ಕೆ ಹೊರಟಾಗ, “ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ” ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನು ಕಾರಣ ಕೇಳಿದೆ.

“ದನಿ ಕೇಳ್ತದ್ರಿ ಮಾಸ್ತರೇ, ಮಾತು ತಿಳೀವಲ್ದು. ಎಲ್ಲಾರೂ ನಕ್ಕ ಮ್ಯಾಲ ನಾ ನಗಬೇಕು. ಯಾಕ ನಕ್ಕಿ ಮುತ್ಯಾ ಅಂತ ಮೊಮ್ಮಗ ಕೇಳಿದ್ರ ಏನ್ ಹೇಳ್ಲಿ?” ಎಂದರು.

ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮಂದಕಿವಿಯ ಸ್ವರೂಪವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಕಿವಿ ಮಂದವಾಗುವುದೆಂದರೆ ರೇಡಿಯೋದ ಗುಂಡಿಯನ್ನು ತಿರುಗಿಸಿ ದನಿ ತಗ್ಗಿಸಿದಂತೆ ಎಂದು ನಾವು ತಿಳಿದಿದ್ದೇವೆ. ಅದು ಸರಿಯಲ್ಲ. ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಂದು ಅಂಗವಿದೆ. ಅದರಲ್ಲಿ ಹುಟ್ಟಿನಿಂದಲೇ ಸುಮಾರು 15ರಿಂದ 16 ಸಾವಿರ ಸೂಕ್ಷ್ಮ ರೋಮಕೋಶಗಳಿರುತ್ತವೆ. ಸುರುಳಿಯ ಬುಡದ ಕೋಶಗಳು ಕೀಚಲು ದನಿಯನ್ನೂ ಒಳತುದಿಯ ಕೋಶಗಳು ತಗ್ಗು ದನಿಯನ್ನೂ ಗ್ರಹಿಸುತ್ತವೆ. ವಯಸ್ಸಿನಿಂದಾಗಲಿ, ಯಂತ್ರದ ಗದ್ದಲದಿಂದಾಗಲಿ ಮೊದಲು ಹಾಳಾಗುವುದು ಬುಡದ ಕಡೆಯವು. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಇದಕ್ಕೂ ಮಾತಿಗೂ ಇರುವ ಸಂಬಂಧವನ್ನು ನಮ್ಮ ವರ್ಣಮಾಲೆಯಿಂದಲೇ ತಿಳಿಯಬಹುದು. ಅ, ಆ, ಉ, ಓ ಮೊದಲಾದ ಸ್ವರಗಳಲ್ಲಿ ಬಲವಿದೆ. ಅವು ಬಹುಮಟ್ಟಿಗೆ ತಗ್ಗಿನ ಮತ್ತು ನಡುವಿನ ನಾದಗಳು. ಕ, ತ, ಪ ಎಂಬ ವ್ಯಂಜನಗಳಾದರೋ ಒಂದು ಕ್ಷಣದ ಸಿಡಿತಗಳು. ಸ, ಶಗಳು ತೆಳುವಾದ ಕೀಚಲು ಉಸಿರುಗಳು. ಮಂದಕಿವಿಗೆ ಸ್ವರ ಮುಟ್ಟುತ್ತದೆ, ವ್ಯಂಜನ ಜಾರಿಹೋಗುತ್ತದೆ. ‘ಹಾಲು’, ‘ಸಾಲು’, ‘ಕಾಲು’, ‘ಪಾಲು’ ಎಂಬ ನಾಲ್ಕು ಮಾತುಗಳನ್ನು ತೆಗೆದುಕೊಳ್ಳಿ. ಮೊದಲ ವ್ಯಂಜನವನ್ನು ಅಳಿಸಿದರೆ ನಾಲ್ಕರಲ್ಲೂ ಉಳಿಯುವುದು ಒಂದೇ: ‘ಆಲು’. ಚಿತ್ರದ ನಾಯಕನು ತಾಯಿಯ ಬಳಿ ಹಾಲು ಕೇಳಿದನೋ, ಅಣ್ಣನ ಬಳಿ ಪಾಲು ಕೇಳಿದನೋ ಎಂಬುದು ತಿಳಿಯದೆ ಕಥೆ ಮುಂದೆ ಸಾಗುವುದೆಂತು?

ಕನ್ನಡದಲ್ಲಿ ಇನ್ನೊಂದು ತೊಡಕೂ ಉಂಟು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಕಾಲ, ಪುರುಷ, ನಿಷೇಧ ಎಲ್ಲವೂ ಅದರ ತುದಿಯಲ್ಲಿ ಅಂಟಿಕೊಂಡಿರುತ್ತವೆ. ‘ನಾನು ನಾಳೆ ಬರುತ್ತೇನೆ’, ‘ನಾನು ನಾಳೆ ಬರುವುದಿಲ್ಲ’ ಎಂಬ ಎರಡು ವಾಕ್ಯಗಳಿಗೆ ಅರ್ಥದಲ್ಲಿ ಆಕಾಶ ಭೂಮಿಗಳ ಅಂತರ. ಶಬ್ದದಲ್ಲಾದರೆ ತುದಿಯ ನಾಲ್ಕಾರು ವರ್ಣಗಳ ಅಂತರ. ವಾಕ್ಯದ ತುದಿಗೆ ಬರುವ ಹೊತ್ತಿಗೆ ಮಾತಾಡುವವನ ಉಸಿರು ಇಳಿದು ದನಿ ತಗ್ಗಿರುತ್ತದೆ. ಅರ್ಥ ನಿಂತಿರುವ ಜಾಗದಲ್ಲೇ ದನಿ ಸೋಲುತ್ತದೆ. ನಾಯಕಿ ಒಪ್ಪಿದಳೋ ಒಲ್ಲೆನೆಂದಳೋ ಎಂದು ಮುತ್ಯಾ ಪಕ್ಕದವರ ಮುಖ ನೋಡುವುದು ಈ ಕಾರಣದಿಂದ.

ಹಾಗಾದರೆ ದನಿಯನ್ನು ಜೋರು ಮಾಡಿದರಾಯಿತಲ್ಲ ಎಂದು ಕೆಲವರು ಹೇಳಬಹುದು. ಚಿತ್ರಮಂದಿರದಲ್ಲಿ ದನಿಗೆ ಬರವಿಲ್ಲ. ಅಲ್ಲಿನ ದನಿ ಕೆಲವೊಮ್ಮೆ ಎದೆಗೆ ಗುದ್ದುತ್ತದೆ. ಆದರೆ ರೋಮಕೋಶಗಳು ನಷ್ಟವಾದ ಕಿವಿಯಲ್ಲಿ ಒಂದು ವಿಚಿತ್ರವಿದೆ. ಮೆಲುದನಿ ಅದಕ್ಕೆ ಕೇಳಿಸದು. ಸ್ವಲ್ಪ ಏರಿಸಿದರೆ, ಚೆನ್ನಾಗಿ ಕೇಳುವ ಕಿವಿಗೆ ಎಷ್ಟು ಜೋರೋ ಇದಕ್ಕೂ ಅಷ್ಟೇ ಜೋರು. ಕೇಳಿಸದಿರುವುದಕ್ಕೂ ನೋಯುವುದಕ್ಕೂ ನಡುವಿನ ಅಂಗಳ ಕಿರಿದಾಗಿಬಿಡುತ್ತದೆ. ಮನೆಯಲ್ಲಿ ಅಜ್ಜನಿಗೆ ಮೂರು ಸಲ ಹೇಳಿದರೂ ಕೇಳದೆ, ನಾಲ್ಕನೆಯ ಸಲ ಕೂಗಿದಾಗ “ಯಾಕ ಒದರ್ತೀ, ನನಗೇನು ಕಿವಿ ಇಲ್ಲೇನು?” ಎಂದು ಅವರು ಸಿಟ್ಟಾಗುವುದು ಸುಳ್ಳಲ್ಲ, ಹಟವೂ ಅಲ್ಲ, ಎರಡೂ ಅವರ ಅನುಭವವೇ. ಆದ್ದರಿಂದ ಬೇಕಾದದ್ದು ದೊಡ್ಡ ದನಿಯಲ್ಲ, ಸ್ಪಷ್ಟವಾದ ಮಾತು.

ಸ್ಪಷ್ಟತೆಯನ್ನು ಹೆಚ್ಚಿಸಿಕೊಳ್ಳುವ ಮೊದಲ ಉಪಾಯ ಕಣ್ಣು. ವರ್ಣಗಳಿಗೆ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಉಚ್ಚಾರಣೆಯ ಸ್ಥಾನಗಳನ್ನು ಹೇಳುವುದನ್ನು ವಾಚಕರು ಶಾಲೆಯಲ್ಲಿ ಕಲಿತಿದ್ದೀರಿ. ಬಾಯಿಪಾಠ ಮಾಡಿ ಮರೆಯುವ ಈ ಪಟ್ಟಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ತುಟಿಗಳು ಕೂಡಿದರೆ ಪ, ಬ, ಮಗಳಲ್ಲಿ ಒಂದೆಂದು ಕಣ್ಣಿಗೆ ಕೂಡಲೆ ತಿಳಿಯುತ್ತದೆ. ‘ಕಾಲು’ ಅಲ್ಲ, ‘ಪಾಲು’ ಎಂದು ನಿಶ್ಚಯಿಸಬಹುದು. ಆದರೆ ‘ಪಾವು’, ‘ಬಾವು’, ‘ಮಾವು’ ಎಂಬ ಮೂರೂ ತುಟಿಯಲ್ಲಿ ಒಂದೇ ರೀತಿ ಕಾಣುತ್ತವೆ. ಆಗ ಕಿವಿ ನೆರವಿಗೆ ಬರುತ್ತದೆ; ಏಕೆಂದರೆ ಬಕಾರದ ಘೋಷ, ಮಕಾರದ ಅನುನಾಸಿಕ ಇವು ತಗ್ಗಿನ ನಾದಗಳು, ಮಂದಕಿವಿಗೂ ಸಾಮಾನ್ಯವಾಗಿ ಮುಟ್ಟುವಂಥವು. ಹೀಗೆ ಸ್ಥಾನವನ್ನು ಕಣ್ಣು ಹೇಳುತ್ತದೆ, ನಾದವನ್ನು ಕಿವಿ ಹೇಳುತ್ತದೆ. ಎರಡೂ ಕೂಡಿದರೆ ಮುರಿದ ಮಾತು ಬೆಸೆದುಕೊಳ್ಳುತ್ತದೆ. ರೇಡಿಯೋದಲ್ಲಿ ಮುಖ ಕಾಣದಿರುವುದರಿಂದ ಈ ನೆರವಿಲ್ಲ. ಚಿತ್ರದಲ್ಲಿ ಮುಖವು ಆಳೆತ್ತರ ಕಾಣುತ್ತದೆ. ಆ ಮಟ್ಟಿಗೆ ಚಿತ್ರವೇ ಮಂದಕಿವಿಯವರ ಮಿತ್ರ. ಒಂದೇ ಎಚ್ಚರಿಕೆ: ಬೇರೆ ಭಾಷೆಯಲ್ಲಿ ಚಿತ್ರಿಸಿ ಕನ್ನಡದ ಮಾತು ಕೂಡಿಸಿದ ಚಿತ್ರಗಳಲ್ಲಿ ತುಟಿ ಒಂದನ್ನು ಆಡುತ್ತದೆ, ದನಿ ಇನ್ನೊಂದನ್ನು. ಅಂಥಲ್ಲಿ ಕಣ್ಣಿನ ಸಾಕ್ಷ್ಯ ಸುಳ್ಳು ಸಾಕ್ಷ್ಯವಾಗುತ್ತದೆ. ಕಿವಿ ಮಂದವಾದವರನ್ನು ಕರೆದೊಯ್ಯುವವರು ಮೂಲ ಕನ್ನಡದಲ್ಲೇ ತಯಾರಾದ ಚಿತ್ರವನ್ನು ಆರಿಸುವುದು ಲೇಸು.

ಎರಡನೆಯದು, ಕೂರುವ ಜಾಗ. ಈಗಿನ ಚಿತ್ರಮಂದಿರಗಳಲ್ಲಿ ದನಿ ಒಂದೇ ಕಡೆಯಿಂದ ಬರುವುದಿಲ್ಲ. ಪಾತ್ರಗಳ ಮಾತು ಬಹುತೇಕ ತೆರೆಯ ಹಿಂದೆ, ನಡುವಿನಲ್ಲಿರುವ ಧ್ವನಿವರ್ಧಕದಿಂದ ಬರುತ್ತದೆ. ಅದು ಹೊರಬರಲೆಂದೇ ತೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಮಳೆ, ಗುಡುಗು, ವಾದ್ಯಗಳ ದನಿ ಅಕ್ಕಪಕ್ಕದ ಮತ್ತು ಹಿಂದಿನ ಗೋಡೆಗಳಿಂದಲೂ ಬರುತ್ತದೆ. ಗೋಡೆಯ ಪಕ್ಕದಲ್ಲಿ ಕುಳಿತರೆ ಗುಡುಗು ಹತ್ತಿರ, ಮಾತು ದೂರ. ಆದ್ದರಿಂದ ಸಾಲಿನ ನಟ್ಟನಡುವೆ, ಮಂದಿರದ ಮಧ್ಯಭಾಗದಲ್ಲಿ ಅಥವಾ ಅದಕ್ಕಿಂತ ತುಸು ಹಿಂದೆ ಕೂರಬೇಕು. ಒಂದೇ ಕಿವಿ ಚೆನ್ನಾಗಿದ್ದು ಅದು ಬಲಗಿವಿಯಾಗಿದ್ದರೆ ನಡುವಿನಿಂದ ತುಸು ಎಡಕ್ಕೆ ಕೂತರೆ ತೆರೆಯ ಮಾತು ಬಲಗಿವಿಗೆ ಬೀಳುತ್ತದೆ. ಜೊತೆಗಾರರೂ ಬಲಬದಿಗೇ ಇರಲಿ. ಹೊಸ ಚಿತ್ರದ ಮೊದಲ ದಿನದ ಮೊದಲ ಆಟಕ್ಕೆ ಹೋದರೆ ಸಿಳ್ಳೆ ಕೇಕೆಗಳ ನಡುವೆ ಚೆನ್ನಾದ ಕಿವಿಗೂ ಮಾತು ಕೇಳದು. ನಾಲ್ಕು ದಿನ ತಡೆದು, ಜನ ಕಡಮೆಯಿರುವ ಹೊತ್ತಿನ ಆಟಕ್ಕೆ ಹೋಗುವುದು ಉತ್ತಮ.

ಮೂರನೆಯದು ಶ್ರವಣಯಂತ್ರ. ಅದಕ್ಕೂ ಮುಂಚೆ ವೈದ್ಯರ ಬಳಿಗೆ ಹೋಗಬೇಕು. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಅಥವಾ ಕಿವಿ ಸೋರುತ್ತಿದ್ದರೆ ಚಿಕಿತ್ಸೆಯಿಂದಲೇ ಗುಣ ಕಾಣಬಹುದು. ಅದಾದ ಮೇಲೂ ಕೊರತೆ ಉಳಿದರೆ ಅಳತೆ ಮಾಡಿಸಿ ಯಂತ್ರ ಹಾಕಿಸಿಕೊಳ್ಳಬೇಕು. ಶ್ರವಣದೋಷದ ಪರೀಕ್ಷೆ, ಶಿಕ್ಷಣ, ಸಂಶೋಧನೆಗಳಿಗೆಂದೇ ನಮ್ಮ ಮೈಸೂರಿನಲ್ಲಿ 1960ರ ದಶಕದ ಮಧ್ಯದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೆಲಸ ಮಾಡುತ್ತಿದೆ. ನಿಗದಿಯಾದಷ್ಟು ನ್ಯೂನತೆಯ ಪ್ರಮಾಣಪತ್ರ ಇದ್ದು ವರಮಾನ ಕಡಮೆಯಿರುವವರಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಯಂತ್ರಕ್ಕೆ ನೆರವು ದೊರೆಯುತ್ತದೆ. ಯಂತ್ರ ಹೊಂದಿಸುವ ತಜ್ಞರಿಗೆ ‘ನಾನು ಸಿನಿಮಾಕ್ಕೆ ಹೋಗುತ್ತೇನೆ’ ಎಂದು ಸಂಕೋಚವಿಲ್ಲದೆ ಹೇಳಿ. ಎದುರಿನ ದನಿಯನ್ನು ಹೆಚ್ಚಾಗಿ, ಹಿಂದಿನದನ್ನು ಕಡಮೆಯಾಗಿ ಹಿಡಿಯುವಂತೆ ಅನೇಕ ಯಂತ್ರಗಳನ್ನು ಹೊಂದಿಸಬಹುದು. ಮಂದಿರದಲ್ಲಿ ಗದ್ದಲ ಹೆಚ್ಚಾದರೆ ಯಂತ್ರವನ್ನು ಕಿತ್ತು ಜೇಬಿಗೆ ಹಾಕಬೇಡಿ. ದನಿಯನ್ನು ಒಂದೆರಡು ಮೆಟ್ಟಿಲು ಇಳಿಸಿ.

ಹಲವು ಯಂತ್ರಗಳೊಳಗೆ ತಂತಿಯ ಒಂದು ಪುಟ್ಟ ಸುರುಳಿಯೂ ಇರುತ್ತದೆ. ಮಂದಿರದ ನೆಲದ ಸುತ್ತ ತಂತಿಯ ಕುಣಿಕೆ ಹಾಕಿ, ಚಿತ್ರದ ದನಿಯನ್ನು ವಿದ್ಯುತ್ತಿನ ರೂಪದಲ್ಲಿ ಅದರಲ್ಲಿ ಹರಿಸಿದರೆ ಕಾಂತಕ್ಷೇತ್ರ ಉಂಟಾಗುತ್ತದೆ. ಕಿವಿಯ ಯಂತ್ರದ ಸುರುಳಿ ಅದನ್ನು ಹಿಡಿದು ಮತ್ತೆ ದನಿಯಾಗಿಸುತ್ತದೆ. ನಡುವಿನ ಗಾಳಿ, ಗದ್ದಲ, ಪ್ರತಿಧ್ವನಿ ಯಾವುದೂ ಅದರಲ್ಲಿ ಬೆರೆಯುವುದಿಲ್ಲ. ಪಾತ್ರವೇ ಕಿವಿಯ ಬಳಿ ಬಂದು ಮಾತಾಡಿದಂತೆ ಇರುತ್ತದೆ. ಹೊರದೇಶಗಳ ಅನೇಕ ನಾಟಕಶಾಲೆ, ಪ್ರಾರ್ಥನಾಮಂದಿರಗಳಲ್ಲಿ ಈ ಏರ್ಪಾಡಿದೆ. ನಮ್ಮಲ್ಲಿ ಇದು ಅಪರೂಪ.

ಇವೆಲ್ಲಕ್ಕಿಂತ ನೇರವಾದ ಉಪಾಯ ಇನ್ನೊಂದಿದೆ. ಅದು ಅಕ್ಷರ. ಇದು ಹೊಸದೇನಲ್ಲ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ತೆರೆ ಕಂಡಾಗ ಅದಕ್ಕೆ ಮಾತಿರಲಿಲ್ಲ. ಮೂಕಿ ಚಿತ್ರಗಳಲ್ಲಿ ದೃಶ್ಯಗಳ ನಡುನಡುವೆ ಬರೆದ ಮಾತುಗಳನ್ನು ತೋರಿಸುತ್ತಿದ್ದರು. ಓದು ಬಲ್ಲವರು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆ ಕಾಲದಲ್ಲಿ ಚಿತ್ರಮಂದಿರದೊಳಗೆ ಕೇಳುವವನೂ ಕೇಳಲಾರದವನೂ ಸಮಾನರು. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಕನ್ನಡದ ‘ಸತಿ ಸುಲೋಚನ’ ಬಂದವು. ಚಿತ್ರಕ್ಕೆ ಮಾತು ಬಂತೆಂದು ಊರೆಲ್ಲ ಹಿಗ್ಗಿತು. ತೆರೆಯ ಮೇಲಿನ ಅಕ್ಷರ ಅಳಿಸಿಹೋದದ್ದನ್ನು ಬಹಳ ಜನ ಗಮನಿಸಲಿಲ್ಲ. ಗಮನಿಸಿದವರು ಕೇಳಿಸದವರು ಮಾತ್ರ.

ಅಮೆರಿಕದಲ್ಲಿ ಎಮರ್ಸನ್ ರೊಮೆರೊ ಎಂಬ ಕಿವಿ ಕೇಳದ ನಟನು ಮೂಕಿ ಚಿತ್ರಗಳಲ್ಲಿ ಅಭಿನಯಿಸಿದವನು. ಮಾತು ಬಂದ ಮೇಲೆ ಅವನಿಗೆ ಕೆಲಸವೂ ಹೋಯಿತು, ನೋಡುವ ಸುಖವೂ ಹೋಯಿತು. ಅವನು 1947ರಲ್ಲಿ ಮಾತಿನ ಚಿತ್ರಗಳ ನಡುವೆ ಅಕ್ಷರದ ತುಣುಕುಗಳನ್ನು ತಾನೇ ಸೇರಿಸಿ ತನ್ನಂಥವರಿಗೆ ತೋರಿಸಲಾರಂಭಿಸಿದನು. 1958ರಲ್ಲಿ ಆ ದೇಶದ ಸರ್ಕಾರವು ಅಡಿಬರಹದ ಚಿತ್ರಗಳಿಗೆಂದೇ ಕಾಯಿದೆಯೊಂದನ್ನು ಮಾಡಿತು.

ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 42ನೆಯ ಕಲಮು, ದೃಶ್ಯ–ಶ್ರವ್ಯ ಮಾಧ್ಯಮಗಳಲ್ಲಿ ಅಡಿಬರಹ, ಸಂಜ್ಞಾಭಾಷೆ ಮತ್ತು ಅಂಧರಿಗಾಗಿ ದೃಶ್ಯದ ವಿವರಣೆ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆಯೆಂದು ಹೇಳುತ್ತದೆ. 2023ರ ಜನವರಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ‘ಪಠಾಣ್’ ಎಂಬ ಹಿಂದಿ ಚಿತ್ರವನ್ನು ಅಂತರ್ಜಾಲದ ವೇದಿಕೆಗೆ ತರುವಾಗ ಹಿಂದಿಯಲ್ಲೇ ಅಡಿಬರಹ ಮತ್ತು ದೃಶ್ಯ ವಿವರಣೆ ಸಿದ್ಧಪಡಿಸಬೇಕೆಂದು ಆದೇಶಿಸಿತು. 2024ರ ಮಾರ್ಚ್ 15ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯವು ಚಿತ್ರಮಂದಿರಗಳಲ್ಲಿ ತೋರಿಸುವ ಕಥಾಚಿತ್ರಗಳಿಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಕಿವಿ ಕೇಳದವರಿಗೂ ಕಣ್ಣು ಕಾಣದವರಿಗೂ ಕಡಮೆಪಕ್ಷ ಒಂದೊಂದು ಸೌಲಭ್ಯ ಇರತಕ್ಕದ್ದು ಎಂಬುದು ಅದರ ಸಾರ. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಿತವಾದ ಚಿತ್ರಗಳಿಗೆ ಆರು ತಿಂಗಳ, ಉಳಿದವುಗಳಿಗೆ ಎರಡು ವರ್ಷಗಳ ಅವಧಿಯನ್ನು ಗೊತ್ತುಪಡಿಸಲಾಯಿತು. ಅಡಿಬರಹವನ್ನು ಎಲ್ಲರಿಗೂ ಕಾಣುವಂತೆ ತೆರೆಯ ಮೇಲೇ ತೋರಿಸಬಹುದು. ಅಥವಾ ವಿಶೇಷ ಕನ್ನಡಕದಂಥ ಉಪಕರಣಗಳ ಮೂಲಕ ಬೇಕಾದವರಿಗೆ ಮಾತ್ರ ಕಾಣಿಸಬಹುದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕನ್ನಡ ಚಿತ್ರಗಳಿಗೆ ಇಂಗ್ಲಿಷಿನ ಅಡಿಬರಹವಿರುವುದನ್ನು ನಗರಗಳಲ್ಲಿ ಎಷ್ಟೋ ಸಲ ಕಾಣುತ್ತೇವೆ. ಅದು ಭಾಷೆ ಬಾರದ, ಕಿವಿಯುಳ್ಳ ಪ್ರೇಕ್ಷಕನಿಗಾಗಿ ಮಾಡಿದ ಅನುವಾದ. ಕನ್ನಡ ಬಲ್ಲ, ಕಿವಿ ಮಂದವಾದ ನಮ್ಮ ಮುತ್ಯಾನಿಗೆ ಅದರಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಕನ್ನಡದ ಮಾತಿಗೆ ಕನ್ನಡದ ಅಕ್ಷರ. ಜೊತೆಗೆ ಯಾರ ಮಾತು ಎಂಬ ಸೂಚನೆ, ‘ಬಾಗಿಲು ಬಡಿದ ಸದ್ದು’, ‘ದೂರದಲ್ಲಿ ರೈಲಿನ ಕೂಗು’ ಎಂಬಂಥ ವಿವರಣೆ. ಕವಿರಾಜಮಾರ್ಗವು ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅವನ ರಾಜಧಾನಿಯಾದ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಸೇಡಂ ತಾಲೂಕಿನಲ್ಲೇ ಇದೆ. ಕನ್ನಡ ಅಕ್ಷರಕ್ಕೆ ಇಷ್ಟು ಹಳೆಯ ಮನೆಯಾದ ಈ ನೆಲದವರು ಕನ್ನಡ ಚಿತ್ರದ ಮೇಲೆ ಕನ್ನಡ ಅಕ್ಷರವನ್ನು ಕೇಳುವುದು ಅತಿಯಾಸೆಯಲ್ಲ. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳು ಬೆರೆತ ನಮ್ಮ ಸೀಮೆಯಲ್ಲಿ ಅದರಿಂದ ಚೆನ್ನಾಗಿ ಕೇಳುವವರಿಗೂ, ಓದು ಕಲಿಯುವ ಮಕ್ಕಳಿಗೂ ಉಪಕಾರವಾಗುತ್ತದೆ.

ಆದರೆ ಓದು ಬಾರದವರ ಗತಿಯೇನು? ಗಣಿಯಲ್ಲಿ ದುಡಿದ ಹಲವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಮನೆಯವರೇ ಅಡಿಬರಹ. ಚಿತ್ರಕ್ಕೆ ಹೋಗುವ ಹಿಂದಿನ ರಾತ್ರಿ ಕಥೆಯ ಸಾರವನ್ನು, ಪಾತ್ರಗಳ ಹೆಸರುಗಳನ್ನು ಹೇಳಿಬಿಡಿ. ಏನು ನಡೆಯಲಿದೆ ಎಂದು ತಿಳಿದ ಮನಸ್ಸು ಅರ್ಧ ಕೇಳಿದ ಮಾತನ್ನು ಪೂರ್ತಿ ಮಾಡಿಕೊಳ್ಳುತ್ತದೆ. 1954ರ ‘ಬೇಡರ ಕಣ್ಣಪ್ಪ’ದಂಥ ಚಿತ್ರಗಳನ್ನು ಕಿವಿ ಕೇಳದ ಅಜ್ಜಿಯರೂ ಕಣ್ಣೀರು ಒರೆಸಿಕೊಳ್ಳುತ್ತ ನೋಡಬಲ್ಲವರಾದದ್ದು, ಕಥೆ ಮೊದಲೇ ಗೊತ್ತಿದ್ದುದರಿಂದ. ಕಥೆಯ ಗುಟ್ಟು ಹೋಗುತ್ತದೆಂಬ ಅಳುಕು ಬೇಡ; ಗುಟ್ಟಿಗಿಂತ ರಸ ದೊಡ್ಡದು. ಆಟದ ನಡುವೆ ಪ್ರತಿ ಮಾತಿಗೂ ಕಿವಿಯಲ್ಲಿ ಪಿಸುಗುಟ್ಟಬೇಡಿ. ಪಿಸುಮಾತಿನಲ್ಲಿ ಘೋಷವೇ ಇರುವುದಿಲ್ಲ. ಮಂದಕಿವಿಗೆ ಅದು ಎಲ್ಲಕ್ಕಿಂತ ಕಷ್ಟ. ವಿರಾಮದಲ್ಲಿ ಮುಖ ತೋರಿಸಿ, ನಿಧಾನವಾಗಿ, ನಾಲ್ಕು ವಾಕ್ಯದಲ್ಲಿ ಹೇಳಿದರೆ ಸಾಕು.

ಮಾತನ್ನೇ ಬಿಟ್ಟು ರಂಜಿಸಿದ ಚಿತ್ರವೊಂದು ನಮ್ಮ ನಾಡಿನಲ್ಲೇ ತಯಾರಾಗಿದೆ. 1987ರಲ್ಲಿ ತೆರೆಗೆ ಬಂದ, ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ದಲ್ಲಿ ಸಂಭಾಷಣೆಯೇ ಇಲ್ಲ. ಬೆಂಗಳೂರಿನಲ್ಲಿ ಚಿತ್ರಿತವಾದ ಆ ಕಥೆಯಲ್ಲಿ ಕಮಲಹಾಸನ್ ಒಬ್ಬ ನಿರುದ್ಯೋಗಿ ತರುಣನಾಗಿ, ಮುಖ ಕೈ ಕಣ್ಣುಗಳಿಂದಲೇ ಎಲ್ಲವನ್ನೂ ಹೇಳಿದ್ದಾರೆ. ಅಭಿನಯದಲ್ಲಿ ವಾಚಿಕವು ಒಂದು ಅಂಗ ಮಾತ್ರ. ಆಂಗಿಕ, ಸಾತ್ವಿಕ, ಆಹಾರ್ಯಗಳೂ ಇವೆಯೆಂದು ಭರತನ ನಾಟ್ಯಶಾಸ್ತ್ರವೇ ಹೇಳುತ್ತದೆ. ನಾಲ್ಕರಲ್ಲಿ ಒಂದು ಕುಂದಿದರೆ ಉಳಿದ ಮೂರರಿಂದ ರಸ ಹುಟ್ಟದೆ? ಅಂಥ ಚಿತ್ರವನ್ನು ಮನೆಮಂದಿ ಕೂಡಿ ಒಮ್ಮೆ ನೋಡಿ. ಕಿವಿ ಮಂದವಾದವರು ಆ ದಿನ ಎಲ್ಲರ ಜೊತೆಗೇ ನಗುತ್ತಾರೆ.

ಕೊನೆಯದಾಗಿ, ಈಗ ಚೆನ್ನಾಗಿ ಕೇಳುತ್ತಿರುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿದೆ. ಅವರಲ್ಲಿ 43 ಕೋಟಿ ಜನರಿಗೆ ಆರೈಕೆ ಬೇಕಾಗಿದೆ. 85 ಡೆಸಿಬೆಲ್ ಗದ್ದಲದಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂದೂ, ಗದ್ದಲ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರು ಹೇಳುತ್ತಾರೆ. ಕಲ್ಲಿನ ಯಂತ್ರದ ಬಳಿ ನಿಲ್ಲುವ ತರುಣರು ಕಿವಿಗೆ ರಕ್ಷಣೆಯಿಲ್ಲದೆ ಒಂದು ದಿನವೂ ನಿಲ್ಲಬಾರದು. ಅದನ್ನು ಒದಗಿಸುವುದು ಧಣಿಯ ಕರ್ತವ್ಯ, ಹಾಕಿಕೊಳ್ಳುವುದು ಕೆಲಸಗಾರನ ಕರ್ತವ್ಯ.

ಮುಂದಿನ ಸಲ ಟಿಕೆಟು ಕೊಳ್ಳುವಾಗ, ‘ಈ ಚಿತ್ರಕ್ಕೆ ಕನ್ನಡದ ಅಡಿಬರಹವಿದೆಯೆ?’ ಎಂದು ಕಿಟಕಿಯಲ್ಲಿ ತಪ್ಪದೆ ಕೇಳಿ. ಇಲ್ಲವೆಂದರೂ ಕೇಳಿ, ಹತ್ತು ಜನ ಕೇಳಿದ್ದನ್ನು ಅಂಗಡಿಯವನು ಹನ್ನೊಂದನೆಯವನಿಗೆ ತರಿಸಿಡುತ್ತಾನೆ. ನಡುಸಾಲಿನಲ್ಲಿ ಮುತ್ಯಾನಿಗೂ ಒಂದು ಜಾಗ ಹಿಡಿಯಿರಿ. ಮನೆ ಕಾಯುವುದಕ್ಕೆ ಬೀಗವಿದೆ.